ಪಟೇಲನೆಂಬ ಹುಂಜದ ಮೇಲಿನ ಆರೋಪ

ಗಂಜಿಗೆರೆಕೊಪ್ಪಲಿನ ಹುಂಜವೊಂದನ್ನು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಕೊಲ್ಲಬೇಕೆಂದು ಯಂತ್ರವು ಬುಧವಾರ ಮಧ್ಯಾಹ್ನ ಆದೇಶ ಹೊರಡಿಸಿತು. ಹುಂಜದ ಹೆಸರು ಪಟೇಲ. ಆದೇಶದಲ್ಲಿ ಹೆಸರಿರಲಿಲ್ಲ. ಬಳೆಯ ಸಂಖ್ಯೆ, ಪುಕ್ಕದ ಬಣ್ಣ, ಅಂದಾಜು ತೂಕ, ಮತ್ತು ‘ಸೋಂಕಿನ ಮೂಲ’ ಎಂಬ ಎರಡು ಪದಗಳಷ್ಟೇ ಇದ್ದವು.

ಬಳೆ ಎಂದರೆ ಕೋಳಿಯ ಕಾಲಿನ ಬಳೆ. ಅದು ಜಾರಿಗೆ ಬಂದು ಎರಡನೆಯ ವರ್ಷ ನಡೆಯುತ್ತಿತ್ತು. ಫಾರಂ ಕೋಳಿ ಶೆಡ್ಡಿನೊಳಗೆ ಇರುತ್ತದೆ, ಅದರ ಕಾಯಿಲೆ ಎಲ್ಲಿಂದ ಬಂತು ಎಂದು ಹುಡುಕಬಹುದು. ನಾಟಿ ಕೋಳಿ ಹಾಗಲ್ಲ. ಬೆಳಿಗ್ಗೆ ಒಬ್ಬರ ತಿಪ್ಪೆ, ಮಧ್ಯಾಹ್ನ ಇನ್ನೊಬ್ಬರ ಕಣ, ಸಂಜೆ ಯಾರದೋ ಜಗಲಿ. ಹೊಟ್ಟೆಯಲ್ಲಿ ಹುಳು, ರೆಕ್ಕೆಯಡಿ ಹೇನು, ಮೈಮೇಲೆ ರಕ್ತ ಹೀರುವ ಉಣ್ಣೆ ಹೊತ್ತು ಅದು ಎಲ್ಲೆಲ್ಲಿ ಹೋಗಿ ಬಂತು ಎಂಬುದಕ್ಕೆ ಲೆಕ್ಕವಿರಲಿಲ್ಲ. ಆ ಲೆಕ್ಕ ಇಡುವುದಕ್ಕೇ ಬಳೆ ಬಂತು. ಅದರೊಳಗಿನ ಕೂದಲಿಗಿಂತ ತೆಳುವಾದ ಸೂಜಿ ದಿನಕ್ಕೊಮ್ಮೆ ರಕ್ತವನ್ನು ಮುಟ್ಟಿ ನೋಡುತ್ತಿತ್ತು. ಮೈಬಿಸಿ ಎಷ್ಟು, ಎಷ್ಟು ಹೆಜ್ಜೆ ನಡೆಯಿತು, ಹತ್ತಿರ ಬಂದ ಬೇರೆ ಬಳೆಗಳು ಯಾವುವು, ಎಲ್ಲವನ್ನೂ ತಾಲ್ಲೂಕಿನ ಕೋಳಿ ನಿಗಾ ಕೇಂದ್ರದ ಯಂತ್ರಕ್ಕೆ ಕಳಿಸುತ್ತಿತ್ತು. ಬಳೆಯ ಮೇಲೊಂದು ಚುಕ್ಕೆಯಷ್ಟು ದೀಪ. ಹಸಿರಾದರೆ ಆರೋಗ್ಯ, ಹಳದಿಯಾದರೆ ಅನುಮಾನ, ಕೆಂಪಾದರೆ ಕಾಯಿಲೆ.

ಜನ ಬೇಗ ಹೊಂದಿಕೊಂಡರು. ನೆಂಟರು ಕೋಳಿ ಸಾರಿಗೆ ಕೂರುವ ಮೊದಲು ಅದರ ಬಳೆ ಯಾವ ಬಣ್ಣದಲ್ಲಿತ್ತು ಎಂದು ಕೇಳುವುದು ರೂಢಿಯಾಯಿತು. ಹೆಣ್ಣು ನೋಡಲು ಹೋದವರು ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಬರತೊಡಗಿದರು. ‘ನಿಮ್ಮನೆ ಕೋಳಿ ಹಳದಿ’ ಎನ್ನುವುದು ಬೈಗುಳವಾಯಿತು. ಪಕ್ಕದ ಊರಿನಲ್ಲಿ ಯಾರೋ ಕಾಯಿಲೆ ಕೋಳಿಯ ಬಳೆ ಬಿಚ್ಚಿ ಬೆಕ್ಕಿಗೆ ಹಾಕಿದ್ದರಿಂದ, ಒಂದು ಕೋಳಿ ರಾತ್ರಿಯಿಡೀ ಹಂಚಿನ ಮೇಲೆ ಓಡಾಡಿ ಹಗಲಿಡೀ ಮಲಗಿದ್ದು ದಾಖಲಾಯಿತು. ಯಂತ್ರ ಅದನ್ನು ಹೊಸ ನರರೋಗವೆಂದು ಗುರುತಿಸಿ ರಾಜಧಾನಿಗೆ ವರದಿ ಕಳಿಸಿತು. ಆ ರೋಗದ ಬಗ್ಗೆ ಒಂದು ವಿಚಾರ ಸಂಕಿರಣವೂ ನಡೆಯಿತು.

ಇನ್ನೊಂದು ಪರಿಣಾಮವನ್ನು ಯಾರೂ ಮೊದಲೇ ಊಹಿಸಿರಲಿಲ್ಲ. ಊರಿನವರು ಹುಂಜ ಸಾಕುವುದನ್ನು ಬಿಟ್ಟರು. ಹುಂಜ ಹೆಚ್ಚು ತಿರುಗುತ್ತದೆ, ಹೆಚ್ಚು ಕೋಳಿಗಳ ಬಳಿ ಹೋಗುತ್ತದೆ. ಆದ್ದರಿಂದ ಅದರ ಬಳೆ ಬೇಗ ಹಳದಿಯಾಗಿ ಮನೆಯ ಮರ್ಯಾದೆ ಕಳೆಯುತ್ತಿತ್ತು. ಗಂಜಿಗೆರೆಕೊಪ್ಪಲಿನಲ್ಲಿ ಉಳಿದಿದ್ದ ಹುಂಜ ಒಂದೇ, ನಿಂಗಾಜಮ್ಮನ ಪಟೇಲ. ಅದರ ತಾಯಿಯನ್ನು ಹದ್ದು ಒಯ್ದಾಗ ನಿಂಗಾಜಮ್ಮ ಮರಿಯನ್ನು ಸೆರಗಿನಲ್ಲಿಟ್ಟುಕೊಂಡು ಬೆಳೆಸಿದ್ದಳು. ಅದು ಅವಳ ಹಿಂದೆ ಹೊಲಕ್ಕೂ ಹೋಗುತ್ತಿತ್ತು, ನ್ಯಾಯಬೆಲೆ ಅಂಗಡಿಗೂ ಹೋಗುತ್ತಿತ್ತು. ಊರಿನ ಉಳಿದ ಮನೆಯವರು ಮೊಟ್ಟೆಯಿಂದ ಮರಿ ಬೇಕಾದಾಗ ಪಟೇಲನನ್ನು ಎರವಲು ಒಯ್ಯುತ್ತಿದ್ದರು.

ಯಂತ್ರದ ಪರದೆಯ ಮೇಲೆ ಇದು ಬೇರೆ ರೀತಿ ಕಾಣಿಸಿತು. ಊರಿನ ಆರು ಮನೆಗಳಲ್ಲಿ ಕೋಳಿಗಳು ಜ್ವರ ಬಂದು, ಹಸಿರು ಹಿಕ್ಕೆ ಹಾಕಿ, ಕಾಲು ಸೋತು ಬೀಳುತ್ತಿದ್ದವು. ಆರೂ ಮನೆಗಳಿಂದ ಯಂತ್ರ ಎಳೆದ ಗೆರೆಗಳು ಒಂದೇ ಚುಕ್ಕೆಗೆ ಬಂದು ಸೇರುತ್ತಿದ್ದವು. ಆ ಚುಕ್ಕೆ ಪಟೇಲ.

ಬುಧವಾರ ಸಂಜೆ ಆದೇಶ ಓದಿ ಹೇಳಲು ಕೇಂದ್ರದ ಪಶುವೈದ್ಯೆ ಡಾ. ಸಿಂಚನಾ ಊರಿಗೆ ಬಂದಳು. ನಿಂಗಾಜಮ್ಮನ ಅಂಗಳದಲ್ಲಿ ಆಗಲೇ ಜಗಳ ನಡೆಯುತ್ತಿತ್ತು. ಎದುರು ಮನೆಯ ಪುಟ್ಟಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ನಿಂಗಾಜಮ್ಮನ ಓರಗಿತ್ತಿ.

“ಊರ್ ಕೋಳಿನೆಲ್ಲ ಕೆಡಿಸ್ದೋನು ಅವ್ನೇ ಕಣಕ್ಕ. ಮಿಸಿನ್ನೇ ಯೋಳದೆ. ನಮ್ ಬಾಗ್ಲಿಗೂ ಬಂದಿದ್ದ, ನಂಗೇನ್ ಗೊತ್ತಿಲ್ವಾ?”

“ಅವ್ನೇ ಬಂದಿದ್ನಾ, ನೀನೇ ಬಂದು ಕಂಕುಳಲ್ಲಿ ಇರಿಕ್ಕೊಂಡೋದ್ಯಾ? ಎಲ್ಡ್ ದಿನಕ್ಕೆ ಅಂತ ಇಸ್ಕೊಂಡೋಗಿ ಎಂಟ್ ದಿನ ಇಟ್ಕೊಂಡಿದ್ದೆಯಲ್ಲಮ್ಮಿ!”

“ಅವ್ನಿಗೆ ನಮ್ಮನೆ ರಾಗಿ ರುಚಿ ಅತ್ತು. ಬರಾಕಿಲ್ಲ ಅಂದ.”

“ಯೋಳುದ್ನಾ ಬಾಯ್ಬುಟ್ಟು?”

ನಿಂಗಾಜಮ್ಮನ ಗಂಡ ಮಂಚೇಗೌಡ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಡಾಕ್ಟರನ್ನು ಕಂಡು ಎದ್ದು ನಿಂತ. “ಉಂಜ ಇಲ್ಲ ಕಣವ್ವ ಡಾಕ್ಟ್ರೆ. ಎಲ್ಲೋ ಒಂಟೋಗದೆ,” ಎಂದ. ಅಷ್ಟರಲ್ಲಿ ಒಳಗಿನ, ರಾಗಿ ತುಂಬಿಡುವ ದೊಡ್ಡ ವಾಡೆಯಿಂದ ಹುಂಜದ ಗಟ್ಟಿ ಕೂಗು ಕೇಳಿಸಿತು. ಮಂಚೇಗೌಡ ಕೂತುಕೊಂಡ.

ಸಿಂಚನಾಗೆ ನಗು ಬಂದರೂ ತಡೆದಳು. “ಅಜ್ಜಿ, ನನಗೂ ಇದು ಒಪ್ಪಿಗೆಯಿಲ್ಲ. ಆದರೆ ಆದೇಶ ರದ್ದಾಗಬೇಕಾದರೆ ಬೇರೆ ಮೂಲ ತೋರಿಸಬೇಕು. ಇಲ್ಲದಿದ್ದರೆ ಶುಕ್ರವಾರ ಗಾಡಿ ಬರುತ್ತೆ.”

“ಬರ್ಲಿ. ಗಾಡಿಗೆ ನಾನೂ ಅತ್ಕತೀನಿ,” ಎಂದಳು ನಿಂಗಾಜಮ್ಮ. ಅವಳ ಧ್ವನಿ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ.

ಸಿಂಚನಾಗೆ ಒಪ್ಪಿಗೆಯಿಲ್ಲದ್ದಕ್ಕೆ ಕಾರಣವಿತ್ತು. ಕಾಯಿಲೆ ಕೋಳಿಯ ರಕ್ತವನ್ನು ಅವಳು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು. ಕೆಂಪು ಕಣಗಳ ನಡುವೆ ಸುರುಳಿಯಾಕಾರದ ಬ್ಯಾಕ್ಟೀರಿಯಾ ಹೊರಳುತ್ತಿದ್ದವು. ಇದನ್ನು ಮುಖ್ಯವಾಗಿ ಹರಡುವುದು ಕೋಳಿ ಉಣ್ಣೆ. ಅದು ಹಸುವಿನ ಉಣ್ಣೆಯಂತೆ ಮೈಗೆ ಅಂಟಿಕೊಂಡೇ ಇರುವುದಿಲ್ಲ. ಮರಿಗಳು ಕೆಲವು ದಿನ ಕಚ್ಚಿಕೊಂಡಿರುತ್ತವೆ, ಆದರೆ ಬೆಳೆದದ್ದು ಹಗಲಿಡೀ ಗೋಡೆಯ ಬಿರುಕಿನಲ್ಲೋ ಮರದ ಸಂದಿನಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಹೀರಿ, ಬೆಳಗಾಗುವುದರೊಳಗೆ ವಾಪಸು ಹೋಗುತ್ತದೆ. ಊಟವಿಲ್ಲದೆ ವರ್ಷಗಟ್ಟಲೆ ಕಾಯಬಲ್ಲದು. ತನ್ನೊಳಗಿನ ಬ್ಯಾಕ್ಟೀರಿಯಾವನ್ನು ಮೊಟ್ಟೆಯ ಮೂಲಕ ಮರಿಗಳಿಗೂ ಕೊಡುತ್ತದೆ. ಜ್ವರ ಬಂದು ವಾಸಿಯಾದ ಕೋಳಿಯ ಮೈಯಲ್ಲಿ ಆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಪಟೇಲನಿಗೆ ಕಾಯಿಲೆ ಬಂದು ಹೋಗಿತ್ತು, ಅಷ್ಟೇ. ಅದು ಮಲಗುತ್ತಿದ್ದುದು ಹೊಂಗೆ ಮರದ ಮೇಲೆ. ರೆಕ್ಕೆ ಬಿಡಿಸಿ ನೋಡಿದರೆ ಒಂದು ಉಣ್ಣೆಮರಿಯೂ ಇರಲಿಲ್ಲ.

ಹಾಗಾದರೆ ಉಣ್ಣೆ ಎಲ್ಲಿದ್ದವು? ಆರು ಮನೆಗಳ ಗೂಡುಗಳನ್ನೂ ಅವಳು ಟಾರ್ಚು ಹಾಕಿ ನೋಡಿದ್ದಳು. ಬಳೆ ಬಂದ ಮೇಲೆ ಭಯಕ್ಕೆ ಎಲ್ಲರೂ ಗೂಡಿಗೆ ಸುಣ್ಣ ಬಳಿದು ಬಿರುಕು ಮುಚ್ಚಿದ್ದರು. ಗೂಡುಗಳು ಕೆಲವರ ಮನೆಗಿಂತ ಚೊಕ್ಕಟವಾಗಿದ್ದವು.

ಗುರುವಾರ ಬೆಳಿಗ್ಗೆ ಅವಳು ನಿಗಾ ಕೇಂದ್ರದಲ್ಲಿ ಪರದೆಯ ಮುಂದೆ ಕೂತಾಗ, ಪಕ್ಕದ ಮೇಜಿನ ಜಬೀವುಲ್ಲಾ ಎಂದಿನಂತೆ ಗೊಣಗುತ್ತಿದ್ದ. ಯಂತ್ರ ನಡೆಸುವ ಕೆಲಸ ಅವನದು. ಕೇಂದ್ರ ಹಳೆಯ ಬೀಜದ ಗೋದಾಮಿನಲ್ಲಿತ್ತು. ಯಂತ್ರಕ್ಕೆ ಏರ್ ಕಂಡಿಷನರ್ ಇತ್ತು, ಜಬೀವುಲ್ಲಾಗೆ ಇರಲಿಲ್ಲ.

“ಮತ್ತೆ ಬಳೆ ಬಿದ್ದಿದೆ ಅಂತೆ ಮೇಡಂ, ಅದೇ ಕೊಪ್ಪಲಲ್ಲಿ. ಈ ಕೆಲಸಕ್ಕೆ ಸೇರಿ ನಾನು ಎಷ್ಟು ಸಲ ಬಿದ್ದ ಬಳೆ ಹುಡುಕೋಕೆ ಹೋಗಿದ್ದೀನೋ ದೇವರಿಗೇ ಗೊತ್ತು. ಒಂದು ಸಲಾನೂ ಬಿದ್ದಿರಲ್ಲ. ಕೋಳಿ ಕಾಲಲ್ಲೇ ಇರುತ್ತೆ. ಕೋಳಿ ಮೂಲೆಲಿ ಕೂತಿರುತ್ತೆ. ಕೈ ಹಾಕಿದರೆ ಕುಕ್ಕುತ್ತೆ.” ಅವನು ಅಂಗೈ ತೋರಿಸಿದ.

“ಯಾಕೆ ಕುಕ್ಕುತ್ತೆ?”

“ಕಾವು ಕೂತಿರುತ್ತಲ್ಲ ಮೇಡಂ. ಮೊಟ್ಟೆ ಬಿಟ್ಟು ಏಳುತ್ತಾ? ಹಗಲಲ್ಲಿ ನಾಲ್ಕು ಗಂಟೆ ಹೆಜ್ಜೆ ಇಡಲಿಲ್ಲ ಅಂದರೆ ಬಳೆ ಬಿದ್ದಿದೆ ಅನ್ನುತ್ತೆ ಈ ಯಂತ್ರ. ಬಳೆ ಕಂಪನಿಯವರಿಗೆ ಎರಡು ಸಲ ಬರೆದೆ. ಉತ್ತರವೇ ಇಲ್ಲ.”

ಸಿಂಚನಾ ಕುರ್ಚಿ ತಿರುಗಿಸಿದಳು. “ಬಳೆ ಬಿದ್ದಿದೆ ಅಂತ ತೋರಿಸಿದ ದಿನಗಳ ಮಾಹಿತಿಯನ್ನ ಏನು ಮಾಡುತ್ತೆ?”

“ಎಸೆಯುತ್ತೆ. ಬಿದ್ದ ಬಳೆಯ ಮಾಹಿತಿ ಯಾರಿಗೆ ಬೇಕು?”

ಕಂಪನಿಯವರು ಬಳೆಯನ್ನು ಪರೀಕ್ಷಿಸಿದ್ದು ಮೊಟ್ಟೆ ಫಾರಮ್ಮುಗಳಲ್ಲಿ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಾದ್ದರಿಂದ, ಆ ತಳಿಗಳಲ್ಲಿ ಕಾವು ಕೂರುವ ಗುಣವನ್ನೇ ಬಹಳ ಹಿಂದೆ ಬಹುಮಟ್ಟಿಗೆ ತೆಗೆದುಹಾಕಲಾಗಿದೆ. ಮೂರು ವಾರ ಕೂತಲ್ಲೇ ಕೂರುವ ಕೋಳಿಯೊಂದು ಇರಬಹುದೆಂದು ಆ ಎಂಜಿನಿಯರುಗಳಿಗೆ ಹೊಳೆದಿರಲಿಲ್ಲ. ಹೀಗಾಗಿ ನಾಡಿನ ಕಾವು ಕೂತ ಕೋಳಿಗಳೆಲ್ಲ ಯಂತ್ರದ ಲೆಕ್ಕದಲ್ಲಿ ಇರಲೇ ಇಲ್ಲ. ಉಳಿದವುಗಳ ಪೈಕಿ ಅತಿ ಹೆಚ್ಚು ಓಡಾಡಿದವನು ಅಪರಾಧಿಯಾದ.

“ಎಸೆದದ್ದು ಸಿಗುತ್ತಾ?” ಎಂದಳು ಸಿಂಚನಾ.

“ಸರ್ಕಾರಿ ಯಂತ್ರ ಮೇಡಂ. ಎಸೆದದ್ದನ್ನೂ ಇಟ್ಟುಕೊಂಡಿರುತ್ತೆ.”

ಮಧ್ಯಾಹ್ನದ ಹೊತ್ತಿಗೆ ಜಬೀವುಲ್ಲಾ ಎಸೆದ ಮಾಹಿತಿಯನ್ನೆಲ್ಲ ಹೊರತೆಗೆದು ಪರದೆಯ ಮೇಲೆ ಹರಡಿದ. ಮೊದಲು ಕಂಡದ್ದು ನಿರೀಕ್ಷಿಸಿದ್ದೇ. ಆರೂ ಮನೆಗಳಲ್ಲಿ ಮೊದಲು ಜ್ವರ ಬಂದದ್ದು ಕಾವು ಕೂತ ಕೋಳಿಗೆ. ಆಮೇಲೆ ಕಂಡದ್ದು ಯಾರೂ ನಿರೀಕ್ಷಿಸದ್ದು. ಒಂದು ಮನೆಯ ಕೋಳಿ ಮರಿ ಮಾಡಿಕೊಂಡು ಎದ್ದ ಮೇಲೆಯೇ ಇನ್ನೊಂದು ಮನೆಯ ಕೋಳಿ ಕೂತಿತ್ತು. ಅದು ಎದ್ದ ಮೇಲೆ ಮೂರನೆಯದು. ಎರಡು ಕೋಳಿ ಒಟ್ಟಿಗೆ ಕೂತದ್ದೇ ಇಲ್ಲ.

“ಏನು ಮೇಡಂ ಇದು, ಕೋಳಿಗಳು ಪಾಳಿ ಮಾಡಿಕೊಂಡಿದ್ದಾವಾ?” ಎಂದ ಜಬೀವುಲ್ಲಾ.

“ಕೋಳಿ ಪಾಳಿ ಮಾಡಲ್ಲ. ಜನ ಮಾಡ್ತಾರೆ. ಒಂದೇ ಇರೋ ಯಾವುದಕ್ಕೋ ಮಾಡ್ತಾರೆ.” ಅವಳು ಎದ್ದು ಚೀಲ ತೆಗೆದುಕೊಂಡಳು. “ಗಾಡಿ ತೆಗೀರಿ.”

ನಿಂಗಾಜಮ್ಮ ಜಗಲಿಯ ಮೇಲೆ ಕೂತು ಪಟೇಲನಿಗೆ ನೆನೆಸಿದ ಅಕ್ಕಿ ತಿನ್ನಿಸುತ್ತಿದ್ದಳು. ಸಾಯುವವನಿಗೆ ಒಳ್ಳೆಯದು ತಿನ್ನಿಸಬೇಕೆಂಬ ಲೆಕ್ಕ. ಪಟೇಲನಿಗೆ ವಿಷಯ ಗೊತ್ತಿಲ್ಲದ್ದರಿಂದ ಹಬ್ಬವೆಂದುಕೊಂಡಿತ್ತು.

“ಅಜ್ಜಿ, ಊರಿನಲ್ಲಿ ಕೋಳಿ ಕಾವು ಕೂರಿಸೋದಕ್ಕೆ ಒಂದೇ ಏನೋ ಇದೆ. ಮನೆಯಿಂದ ಮನೆಗೆ ಹೋಗುತ್ತೆ. ಏನದು?” ಎಂದು ಸಿಂಚನಾ ನೇರವಾಗಿ ಕೇಳಿದಳು.

ನಿಂಗಾಜಮ್ಮನ ಕೈ ನಿಂತಿತು. ಅವಳು ಗಂಡನ ಕಡೆ ನೋಡಿ, ಬೀದಿಯ ಕಡೆ ನೋಡಿ, ಮತ್ತೆ ಅಕ್ಕಿಯ ಕಡೆ ನೋಡಿದಳು.

ಅದು ಕುಕ್ಕೆ. ಬಿದಿರಿನ, ಸಗಣಿ ಬಳಿದು ಕಪ್ಪಾದ, ಎರಡು ಪದರದ ಕುಕ್ಕೆ. ನಿಂಗಾಜಮ್ಮನ ಅತ್ತೆಯ ಕಾಲದ್ದು. ಅದರಲ್ಲಿ ಕೂರಿಸಿದರೆ ಇಟ್ಟ ಮೊಟ್ಟೆಯೆಲ್ಲ ಮರಿಯಾಗುತ್ತದೆಂದು ಊರಿನ ಹೆಂಗಸರ ನಂಬಿಕೆ. ಬೇಕಾದವಳು ಬಾಯಿಬಿಟ್ಟು ಕೇಳಬಾರದು. ಸೇರಿನಲ್ಲಿ ರಾಗಿ ಹಿಡಿದು ಬಾಗಿಲಲ್ಲಿ ನಿಂತರೆ ಸಾಕು. ಸೆರಗು ಮುಚ್ಚಿ ಒಯ್ಯಬೇಕು. ಯಾರ ಮನೆಯಲ್ಲಿದೆ ಎಂದು ಹೇಳಬಾರದು, ಗಂಡಸರಿಗಂತೂ ಗೊತ್ತಾಗಲೇಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ತೊಳೆಯಬಾರದು, ಬಿಸಿಲಿಗೆ ಇಡಬಾರದು. ಇಟ್ಟರೆ ಅದರ ಕೈಗುಣ ಹೋಗುತ್ತದೆ.

ಹೇಳಿದರೆ ಊರಿನ ಕುಕ್ಕೆ ಹೋಗುತ್ತಿತ್ತು, ಹೇಳದಿದ್ದರೆ ಪಟೇಲ. ಪಟೇಲ ಅವಳ ಬೆರಳಿನ ಸಂದಿನಿಂದ ಕೊನೆಯ ಅಕ್ಕಿಕಾಳನ್ನು ಮೆಲ್ಲಗೆ ಎಳೆದುಕೊಂಡಿತು.

“ರೀ, ನೀವು ಒಸಿ ಒಳಿಕ್ ಓಗಿ,” ಎಂದಳು ಗಂಡನಿಗೆ.

“ಯಾಕೆ, ಕುಕ್ಕೆ ಇಚಾರ್ವಾ?” ಎಂದ ಮಂಚೇಗೌಡ.

ನಿಂಗಾಜಮ್ಮ ಕಣ್ಣು ಬಿಟ್ಟಳು. “ನಿಮ್ಗೆಂಗೆ ಗೊತ್ತು?”

“ಓದ್ಸತಿ ನಿಂಗೆ ಸೊಂಟ ಇಡ್ಕಂಡಿದ್ದಾಗ ಪುಟ್ಟಮಾದಿ ಮನೆಗಂಟ ಒತ್ಕಂಡೋಗಿ ಕೊಟ್ಟೋನು ಯಾರು? ಗೋಣೀಲಿ ಸುತ್ಕೊಟ್ಟು ‘ಕುಂಬ್ಳಕಾಯಿ’ ಅಂದೆ. ಕುಂಬ್ಳಕಾಯಿಗೆ ಇಡಿ ಇರ್ತದಾ?”

ಕುಕ್ಕೆ ಎಲ್ಲಿದೆ ಎಂಬುದು ಹೀಗೆ ತಾನಾಗಿ ಹೊರಬಿತ್ತು. ಎಲ್ಲರೂ ಬೀದಿ ದಾಟಿ ಪುಟ್ಟಮಾದಮ್ಮನ ಮನೆಗೆ ನಡೆದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಒಳೀಕ್ ಯಾರೂ ಬರಂಗಿಲ್ಲ. ನಮ್ ಕೋಳಿ ಕೂತು ಅದ್ನೆಂಟ್ ದಿನ ಆಗದೆ. ಇನ್ ಮೂರ್ ದಿನ. ಈಗೆಬ್ಬುಸುದ್ರೆ ಮರಿ ಅಂಗೇ ಸತ್ತೋಯ್ತವೆ.”

“ಆ ಮರಿಗೆಲ್ಲ ಅಪ್ಪ ಯಾರಮ್ಮಿ?” ಎಂದಳು ನಿಂಗಾಜಮ್ಮ.

ಪುಟ್ಟಮಾದಮ್ಮ ಬಾಗಿಲ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ಅಪ್ಪನ್ನ ನಾಳೀಕೆ ಕೊಂದ್ರೆ ಮುಂದ್ಲೊರ್ಸ ಕಾವಿಗೆ ಏನ್ ಇಟ್ಟೀಯೆ? ಆಲೂಗೆಡ್ಡೆಯಾ?”

ಸಿಂಚನಾ ನಡುವೆ ಬಂದು, ಕೋಳಿಯನ್ನು ಮೊಟ್ಟೆ ಸಮೇತ ಬೇರೆಡೆಗೆ ಬದಲಾಯಿಸಬಹುದು ಎಂದಳು. ಮೊಟ್ಟೆ ತಣ್ಣಗಾಗುವುದರೊಳಗೆ ಅದು ಮತ್ತೆ ಕೂತರೆ ಮರಿಗಳಿಗೆ ಏನೂ ಆಗುವುದಿಲ್ಲ, ಆದರೆ ಕೂರುತ್ತದೆಂದು ತಾನು ಮಾತು ಕೊಡಲಾರೆ ಎಂದೂ ಸೇರಿಸಿದಳು. ಪುಟ್ಟಮಾದಮ್ಮ ಬಹಳ ಹೊತ್ತು ಪಟೇಲನನ್ನು ನೋಡಿದಳು. ಅದು ನಿಂಗಾಜಮ್ಮನ ಹಿಂದೆಯೇ ಬಂದು, ಗಾಬರಿಯಿಲ್ಲದೆ, ಅವಳ ಹೊಸ್ತಿಲಿನ ಬಳಿ ಚೆಲ್ಲಿದ್ದ ರಾಗಿಯನ್ನು ಹೆಕ್ಕುತ್ತಿತ್ತು.

“ನೋಡು, ರುಚಿ ಮರ್ತಿಲ್ಲ ಅವ್ನು,” ಎಂದು ಅವಳು ಬಾಗಿಲು ಬಿಟ್ಟಳು.

ಹೊಸ ಬಳೆಗಳನ್ನು ತುಂಬಿ ತಂದಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಗಾಡಿಯಲ್ಲಿತ್ತು. ಅದನ್ನು ಖಾಲಿ ಮಾಡಿ ಹೊಸ ಹುಲ್ಲು ಹಾಸಿದರು. ಮೊಟ್ಟೆಗಳನ್ನು ಪುಟ್ಟಮಾದಮ್ಮ ತಾನೇ ಒಂದೊಂದಾಗಿ ಇಟ್ಟಳು. ಸಿಂಚನಾ ಕೋಳಿಯ ರೆಕ್ಕೆಯಡಿ ನೋಡಿದಳು. ಎಳ್ಳಿನಂತೆ ಉಣ್ಣೆಮರಿಗಳು ಕಚ್ಚಿಕೊಂಡಿದ್ದವು. ಅವನ್ನು ಕಿತ್ತು, ಔಷಧ ಹಚ್ಚಿ, ಕೋಳಿಯನ್ನು ಪೆಟ್ಟಿಗೆಯ ಪಕ್ಕ ಬಿಟ್ಟಳು. ಕೋಳಿ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿತು. ಜಬೀವುಲ್ಲಾನನ್ನು ಗುರುತಿಸಿ ಒಮ್ಮೆ ಕುಕ್ಕಿತು. ಆಮೇಲೆ ಹತ್ತಿ, ಕಾಲಿನಲ್ಲಿ ಮೊಟ್ಟೆ ಸರಿಪಡಿಸಿಕೊಂಡು, ಪುಕ್ಕ ಉಬ್ಬಿಸಿ ಕೂತುಬಿಟ್ಟಿತು.

ಕುಕ್ಕೆಯನ್ನು ಅಂಗಳಕ್ಕೆ ತಂದು ಬಿಳಿ ಪಂಚೆಯ ಮೇಲೆ ಕವುಚಿ ಸಿಂಚನಾ ನಾಲ್ಕು ಸಲ ಬಡಿದಳು. ಹುರುಳಿಕಾಳಿನಂತೆ ಚಪ್ಪಟೆಯಾದ, ಕಂದು ಬಣ್ಣದ ಉಣ್ಣೆಗಳು ಉದುರಿದವು. ಬಿಸಿಲು ತಾಗಿದ್ದೇ ಎಲ್ಲ ದಿಕ್ಕಿಗೂ ಹರಿಯತೊಡಗಿದವು. ನಿಂಗಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಇಸ್ಸಿ! ನಮ್ಮತ್ತೆ ಇವ್ನೆಲ್ಲ ಇಟ್ಕಂಡಿದ್ಲಾ?”

ಮೂಲ ಸಿಕ್ಕಿತು. ಆದರೆ ಯಂತ್ರ ಒಪ್ಪಲಿಲ್ಲ. ಜಬೀವುಲ್ಲಾ ಕೈಪರದೆಯಲ್ಲಿ ‘ಕುಕ್ಕೆ’ ಎಂದು ಬರೆದರೆ, ಬಳೆ ಸಂಖ್ಯೆ ಕೊಡಿ ಎಂದಿತು. ಬಳೆಯಿಲ್ಲದ್ದು ಸೋಂಕಿನ ಮೂಲವಾಗಲು ಸಾಧ್ಯವಿಲ್ಲ ಎಂದಿತು. ರಾಜಧಾನಿಯ ಕಚೇರಿಗೆ ಫೋನು ಮಾಡಿದರೆ, ಸೋಮವಾರ ನೋಡೋಣ ಎಂದರು.

“ಸೋಮವಾರದ ಹೊತ್ತಿಗೆ ಇವನು ಸಾರಾಗಿರ್ತಾನೆ,” ಎಂದ ಜಬೀವುಲ್ಲಾ. ಪೆಟ್ಟಿಗೆಯಿಂದ ಹೊರತೆಗೆದಿಟ್ಟಿದ್ದ ಬಳೆಗಳಲ್ಲಿ ಒಂದನ್ನು ಎತ್ತಿಕೊಂಡು ಕುಕ್ಕೆಯ ಹಿಡಿಗೆ ಸಿಕ್ಕಿಸಿದ. “ಮೇಡಂ, ನೀವು ಸ್ವಲ್ಪ ಆ ಕಡೆ ನೋಡಿ.”

“ನಾನು ಈ ಕಡೆಯೇ ನೋಡ್ತೀನಿ. ಏನು ಮಾಡಿದ್ದೀವಿ ಅಂತ ಷರಾದಲ್ಲಿ ಪೂರ್ತಿ ಬರೀತೀನಿ. ಅದನ್ನ ಯಾರೂ ಓದಲ್ಲ, ಆದರೆ ಬರೆದಿರಬೇಕು.”

ಬಳೆಗೆ ರಕ್ತ ಬೇಕಿತ್ತು. ಹೊಟ್ಟೆ ತುಂಬಿದ ಉಣ್ಣೆಯೊಂದನ್ನು ಸಿಂಚನಾ ಇಕ್ಕಳದಲ್ಲಿ ಹಿಡಿದು ಸೂಜಿಯ ಮೇಲೆ ಒತ್ತಿದಳು. ನಾಟಿ ಕೋಳಿ, ಹೆಣ್ಣು, ಕಾಯಿಲೆ ತೀವ್ರ, ಎಂದಿತು ಯಂತ್ರ. ಮೈಬಿಸಿಗೆ ಕುಕ್ಕೆಯನ್ನು ಬಿಸಿಲಿಗಿಟ್ಟರು. ವಯಸ್ಸು ಕೇಳಿತು. “ನಮ್ಮತ್ತೆ ಮದ್ವೇಲಿ ತಂದಿದ್ದು,” ಎಂದಳು ನಿಂಗಾಜಮ್ಮ. ಅರವತ್ತು ವರ್ಷ ಎಂದು ಬರೆದರೆ ಯಂತ್ರ ಒಪ್ಪಲಿಲ್ಲ. ‘ಗೊತ್ತಿಲ್ಲ’ ಎಂದರೆ ಒಪ್ಪಿತು. ಕೊನೆಗೆ ಹೆಜ್ಜೆ ಬೇಕಾಯಿತು. ಹೆಜ್ಜೆಯಿಲ್ಲದಿದ್ದರೆ ಬಳೆ ಬಿದ್ದಿದೆ ಎನ್ನುತ್ತದೆ.

ಮಂಚೇಗೌಡ ಪಂಚೆ ಎತ್ತಿ ಕಟ್ಟಿ ಕುಕ್ಕೆಯನ್ನು ಗೋಣಿಗೆ ಹಾಕಿಕೊಂಡು, ಬಳೆ ಅಲುಗುವಂತೆ ಕುಲುಕುತ್ತ, ಊರಿನ ಬೀದಿಯಲ್ಲಿ ಮೇಲಿನಿಂದ ಕೆಳಗೆ ಎರಡು ಸಲ ನಡೆದ. ಹೆಂಗಸರು ಬಾಗಿಲುಗಳಲ್ಲಿ ನಿಂತು, ಅಷ್ಟು ವರ್ಷ ಗುಟ್ಟಾಗಿಟ್ಟದ್ದು ಹಾಡುಹಗಲೇ ಮೆರವಣಿಗೆ ಹೋಗುವುದನ್ನು ನೋಡಿದರು. ಗಂಡಸರು, ತಮಗೇನೂ ಗೊತ್ತಿಲ್ಲವೆಂಬ ಮುಖ ಮಾಡಲು ಹೆಣಗಿದರು. ಆಮೇಲೆ ಆರು ಮನೆಯವರೂ ಒಬ್ಬೊಬ್ಬರಾಗಿ ಬಂದು, ಕುಕ್ಕೆ ತಮ್ಮಲ್ಲಿ ಯಾವಾಗ ಇತ್ತು ಎಂದು ಬಾಯಿಬಿಟ್ಟು ಹೇಳಿದರು. ಜಬೀವುಲ್ಲಾ ಬರೆದ.

ಯಂತ್ರ ಕೆಲವು ನಿಮಿಷ ಯೋಚಿಸಿತು. ಗೆರೆಗಳು ಒಂದೊಂದಾಗಿ ಪಟೇಲನನ್ನು ಬಿಟ್ಟು ಹೊಸ ಚುಕ್ಕೆಯ ಕಡೆ ತಿರುಗಿದವು. ಪಟೇಲನ ಮುಂದಿದ್ದ ಆರೋಪ ಹೋಗಿ ‘ಸಂಪರ್ಕಿತ, ನಿಗಾ ಸಾಕು’ ಎಂದು ಬಂತು. ನಿಂಗಾಜಮ್ಮ ಹುಂಜವನ್ನು ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಬಂದಾಗ ಅವಳು ಮುಖ ತೊಳೆದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಆದೇಶದಂತೆ, ಅರವತ್ತು ವರ್ಷದ ಆ ಹೆಣ್ಣು ಕೋಳಿಯನ್ನು ಸುಟ್ಟರು. ಕಾಯಿಲೆ ಕೋಳಿಗಳಿಗೆ ಪೆನಿಸಿಲಿನ್ ಕೊಟ್ಟರು, ಹೆಚ್ಚಿನವು ಎದ್ದವು. ಭಾನುವಾರ ಪುಟ್ಟಮಾದಮ್ಮನ ಪೆಟ್ಟಿಗೆಯಲ್ಲಿ ಒಂದು ಮೊಟ್ಟೆ ಬಿಟ್ಟು ಉಳಿದದ್ದೆಲ್ಲ ಒಡೆದು ಮರಿಯಾದವು. ಸೋಮವಾರ ಬೆಳಿಗ್ಗೆ, ಅವಳ ಬಾಗಿಲಲ್ಲಿ ಸೇರಿನಲ್ಲಿ ರಾಗಿ ಹಿಡಿದ ಮೂವರು ಹೆಂಗಸರು ಮಾತಿಲ್ಲದೆ ನಿಂತಿದ್ದರು.

ಔಷಧ ಕೊಟ್ಟ ಕೋಳಿಗಳನ್ನು ನೋಡಲು ಬಂದಿದ್ದ ಸಿಂಚನಾ ಇದನ್ನು ಕಂಡು ಅವರನ್ನೆಲ್ಲ ಕೂರಿಸಿ ಉಣ್ಣೆಯ ಬಗ್ಗೆ ವಿವರಿಸಿದಳು. ಸಂದಿನ ಬಗ್ಗೆ, ಮೊಟ್ಟೆಯ ಬಗ್ಗೆ, ಸುರುಳಿ ಬ್ಯಾಕ್ಟೀರಿಯಾದ ಬಗ್ಗೆ ಹೇಳಿ, ಚಿತ್ರವನ್ನೂ ತೋರಿಸಿದಳು. ಎಲ್ಲರೂ ತಲೆದೂಗಿದರು.

“ಅಂದ್ರೆ ಪೆಟ್ಗೆ ತೊಳೀಬೇಕು ಅಂತೀರಾ?” ಎಂದಳು ಪುಟ್ಟಮಾದಮ್ಮ.

“ಹೌದು.”

“ತೊಳುದ್ರೆ ಕೈಗುಣ ಒಂಟೋಯ್ತದಲ್ಲ ಡಾಕ್ಟ್ರವ್ವ.”

ಸಿಂಚನಾ ಚಿತ್ರವನ್ನು ಮಡಿಸಿದಳು. ಕೆಲಸಕ್ಕೆ ಸೇರಿದಂದಿನಿಂದ ಅವಳು ಪರೀಕ್ಷಿಸಿ ನೋಡದ ಮಾತನ್ನು ಆಡಿರಲಿಲ್ಲ. “ಅದು ಬಿದಿರಿನ ಕುಕ್ಕೆಗೆ. ಇದು ಪ್ಲಾಸ್ಟಿಕ್. ಇದರ ಕೈಗುಣ ಏಳಬೇಕಾದರೆ ಮನೆ ಬದಲಾಗುವಾಗೆಲ್ಲ ಕುದಿಯೋ ನೀರು ಹುಯ್ದು ಉಜ್ಜಿ, ಬಿಸಿಲಿಗೆ ಇಡಬೇಕು. ಇಲ್ಲದಿದ್ದರೆ ಒಂದು ಮೊಟ್ಟೆಯೂ ಒಡೆಯಲ್ಲ,” ಎಂದಳು.

“ಅಂಗೆ ಮೊದ್ಲೇ ಯೋಳಬಾರ್ದಾ?” ಎಂದು ಪುಟ್ಟಮಾದಮ್ಮ ಒಲೆಗೆ ನೀರಿಡಲು ಎದ್ದಳು.

ಗಾಡಿಯಲ್ಲಿ ಜಬೀವುಲ್ಲಾ ಕೇಳಿದ, “ಅದು ಯಾವ ಪುಸ್ತಕದಲ್ಲಿದೆ ಮೇಡಂ?”

“ಕುದಿಯೋ ನೀರು ಇದೆ,” ಎಂದಳು ಸಿಂಚನಾ.

ಆರು ತಿಂಗಳ ನಂತರ ಅವಳು ಪಟೇಲನ ನಿಗಾ ಮುಗಿಸಲು ಊರಿಗೆ ಬಂದಳು. ಹುಂಜದ ಬಳೆ ಹಸಿರಾಗಿತ್ತು. ಜ್ವರ ಎಲ್ಲೂ ಮರುಕಳಿಸಿರಲಿಲ್ಲ. ಈ ಸಲ ಪೆಟ್ಟಿಗೆ ನಿಂಗಾಜಮ್ಮನ ಮನೆಯಲ್ಲಿತ್ತು, ಬಿಸಿಲಿನಲ್ಲಿ ಒಣಗುತ್ತಿತ್ತು. ಸಂದಿನಲ್ಲಿ ಏನಾದರೂ ಇದೆಯೇ ಎಂದು ನೋಡಲು ಸಿಂಚನಾ ಬಗ್ಗಿ ಕೈ ಚಾಚಿದಳು.

“ಮುಟ್ಬೇಡಿ ಡಾಕ್ಟ್ರವ್ವ!” ನಿಂಗಾಜಮ್ಮ ಒಳಗಿನಿಂದ ಓಡಿಬಂದಳು. “ಕೈಗೆ ಬಿಸ್ನೀರ್ ಆಕ್ಕಂಡಿದ್ದೀರಾ?”

“ಇಲ್ಲ…”

“ನಮ್ಗೆಲ್ಲ ಯೋಳ್ಬುಟ್ಟು ನೀವೇ ಇಂಗ್ ಮಾಡುದ್ರೆ? ಮುಂದ್ಲೋರ್ ಮೊಟ್ಟೆ ಗತಿಯೇನು? ಬನ್ನಿ ಇತ್ಲಾಗೆ.”

ಹಿತ್ತಿಲಿನ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ನಿಂಗಾಜಮ್ಮ ಚೊಂಬಿನಲ್ಲಿ ತೋಡಿ, ಸ್ವಲ್ಪ ತಣ್ಣೀರು ಬೆರೆಸಿ, ಸ್ವಲ್ಪವೇ ಬೆರೆಸಿ, ಹುಯ್ದಳು. ಪಶುವೈದ್ಯೆ ಎರಡೂ ಕೈ ಒಡ್ಡಿ ನಿಂತಳು. ಪಟೇಲ ಪಕ್ಕದಲ್ಲಿ ನಿಂತು, ಸರಿಯಾಗಿ ತೊಳೆಯುತ್ತಾಳೋ ಇಲ್ಲವೋ ಎಂದು ಕತ್ತು ಓರೆ ಮಾಡಿ ನೋಡುತ್ತಿತ್ತು.